ವಕೀಲರು ಹತ್ತಿದ ಗಾಡಿ

ಕಾಳಾಚಾರಿಯ ಅಂಗಡಿಯಲ್ಲಿ ಮೈಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ನೆರಳು ಮನೆಯ ಗೋಡೆಯ ಮೇಲೆ ಉಳಿಯುತ್ತದೆ. ವರ್ಷಕ್ಕೊಮ್ಮೆ ಬರುವ ಇಳುಕಲಿನ ದಿನ ಅದನ್ನು ಗೇಣುದ್ದದ ಮರದ ಗಾಡಿಯೊಂದಕ್ಕೆ ಹತ್ತಿಸಿ, ಗುಡ್ಡದ ನೆತ್ತಿಯಿಂದ ಕೆರೆಯಂಗಳದವರೆಗೆ ಹಾಸಿರುವ ಹಲಗೆಯ ದಾರಿಯಲ್ಲಿ ಬಿಟ್ಟು ಕಳಿಸಬೇಕು. ಗಾಡಿಯ ಅಡಿಹಲಗೆಯನ್ನೂ ನಾಲ್ಕು ಗಾಲಿಗಳನ್ನೂ ಪುರಸಭೆಯವರು ಕೊಡುತ್ತಾರೆ. ಅದರ ಮೇಲೆ ಕೂರಿಸುವ ಮೈಯನ್ನು ಮಾತ್ರ ಮನೆಯವರೇ ಆರಿಸಬೇಕು. ಬೇರೆ ಊರುಗಳಲ್ಲಿ ಅದಕ್ಕೆ ಬಾಡಿ ಅನ್ನುತ್ತಾರಂತೆ. ನಮ್ಮಲ್ಲಿ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಆರಿಸುವುದು ಸುಲಭವಲ್ಲ. ಅಂಗಡಿಯ ಮೂರು ಗೋಡೆಗೂ ಅಟ್ಟಣೆ ಹೊಡೆದು ಹಾಲೆ ಮರದ ಮೈಗಳನ್ನು ಸಾಲಾಗಿ ಇಟ್ಟಿದ್ದೇವೆ. ಜೀಪು, ಲಾರಿ, ಕಾರು, ವ್ಯಾನು, ಬಸ್ಸು, ಟ್ರ್ಯಾಕ್ಟರು. ಬಂದವರು ಮೊದಲು ಚೆಂದ ನೋಡುತ್ತಾರೆ, ಆಮೇಲೆ ಯಾವುದು ಜೋರಾಗಿ ಓಡುತ್ತದೆ ಎಂದು ಕೇಳುತ್ತಾರೆ. ಏಳೆಂಟು ಗಾಡಿಗಳನ್ನು ಒಟ್ಟಿಗೆ ಬಿಡುವುದರಿಂದ ತಮ್ಮವರು ಮುಂದೆ ಹೋಗಲಿ ಎಂಬ ಆಸೆ ದುಃಖದ ನಡುವೆಯೂ ಇರುತ್ತದೆ. ಕಡೆಗೆ ಯಾರೋ ಒಬ್ಬರು ಮೆಲ್ಲಗೆ, “ಇದನ್ನ ಅವರು ಹತ್ತುತಾರಾ?” ಎನ್ನುತ್ತಾರೆ. ಅಲ್ಲಿಂದ ಜಗಳ ಶುರು. ಸತ್ತವರಿಗೆ ಇಷ್ಟವಿಲ್ಲದ ಗಾಡಿಯಾದರೆ ನೆರಳು ಹತ್ತುವುದಿಲ್ಲ. ಆದರೂ ಗಾಡಿಯನ್ನು ಬಿಡಲೇಬೇಕು, ಖಾಲಿ ಗಾಡಿ ಇಳುಕಲಿನ ನಡುವೆ ನಿಂತುಬಿಡುತ್ತದೆ. ಅಂಥವರಿಗೆ ಮಾರನೆಯ ವರ್ಷ ಇನ್ನೊಂದು ಸಲ ಅವಕಾಶವಿದೆ. ಆಗಲೂ ಹತ್ತದಿದ್ದರೆ ನೆರಳು ಗೋಡೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಅದು ಕಲೆ. ಸುಣ್ಣ ಬಳಿದರೂ ಹೋಗುವುದಿಲ್ಲ, ಗೋಡೆ ಕೆಡವಿ ಕಟ್ಟಿದರೂ ಹೋಗುವುದಿಲ್ಲ. ಮೇಲಿನ ಬೀದಿಯಲ್ಲಿ ಅಂಥ ಒಂದು ಮನೆ ಇದೆ. ಅಲ್ಲಿಗೆ ಹೆಣ್ಣು ಕೊಡುವವರಿಲ್ಲ.

ವಕೀಲ ಶಂಭುಲಿಂಗಯ್ಯನವರು ತೀರಿಕೊಂಡಾಗ ಅವರ ಹೆಂಡತಿ ದಾಕ್ಷಾಯಣಮ್ಮ ಅಂಬಾಸಿಡರ್ ಮೈ ಮಾಡಿಸಿದರು. ವಕೀಲರ ಕೆನೆಬಣ್ಣದ ಅಂಬಾಸಿಡರನ್ನು ನೋಡದವರು ಊರಿನಲ್ಲಿ ಇರಲಿಲ್ಲ. ಬೇರೆ ಏನಾದರೂ ಇರಬಹುದೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಕೆನೆಬಣ್ಣ ಸರಿಯಾಗಿ ಕೂಡಿಬರಲೆಂದು ಮೂರು ಸಲ ಕಲಸಿದೆ. ನಂಬರ್ ಪ್ಲೇಟನ್ನು ಕೂದಲೆಳೆಯಂಥ ಕುಂಚದಿಂದ ಬರೆದೆ. ಬರೆಯುವಾಗ ಕಣ್ಣು ಮಂಜಾಯಿತು. ಕಾಳಾಚಾರಿ ನೋಡಿ, ದೀಪವನ್ನು ನನ್ನ ಹತ್ತಿರಕ್ಕೆ ಸರಿಸಿದ. ವಕೀಲರು ನನಗೆ ತಂದೆ. ಇದು ಊರಿಗೆಲ್ಲ ಗೊತ್ತಿತ್ತು, ಊರಿನಲ್ಲಿ ಯಾರೂ ಆಡುತ್ತಿರಲಿಲ್ಲ. ನಾನು ಅವರನ್ನು ನಮ್ಮ ಮನೆಯೊಳಗೆ ಅಪ್ಪಾಜಿ ಅನ್ನುತ್ತಿದ್ದೆ, ಹೊರಗೆ ಸಿಕ್ಕರೆ ಸಾರ್ ಅನ್ನುತ್ತಿದ್ದೆ. ಹಾಗೆ ಅನ್ನು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಕೆನೆಬಣ್ಣದ ಕಾರು ಇಳುಕಲಿನ ಅರ್ಧದಲ್ಲಿ, ಪೇಟೆಬೀದಿ ಕೂಡುವ ಕಡೆ ನಿಂತಿತು. ಮಿಕ್ಕವು ಅದನ್ನು ದಾಟಿ ಹೋದವು. ದಾಕ್ಷಾಯಣಮ್ಮ ಅಷ್ಟು ಜನರ ಎದುರಿಗೆ ನಡೆದು ಬಂದು ಅದನ್ನು ಎತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು. ಅವರಿಗೆ ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವರು ಮತ್ತು ಆ ನೆರಳು.

ಮರುವರ್ಷ ಇಳುಕಲು ಹತ್ತಿರ ಬಂದಾಗ ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ನಮ್ಮ ಮನೆಯ ಬಾಗಿಲಿಗೆ ಬಂದರು. ನಾನು ಊಟಕ್ಕೆಂದು ಮನೆಗೆ ಬಂದಿದ್ದೆ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದಳು.

“ಚೆಲುವಮ್ಮನ ಮನೆ ಇದೇನಾ?” ಎಂದರು ಅವರು.

“ಹೌದು, ಒಳಗೆ ಬನ್ನಿ ಅಮ್ಮಾವ್ರೇ.” ಅಮ್ಮ ಎದ್ದು ನಿಂತಳು.

“ಕೂರೋಕೆ ಬಂದಿಲ್ಲ, ಒಂದು ಮಾತು ಕೇಳಿ ಹೋಗ್ತೀನಿ.” ಅವರು ಹೊಸಿಲಿನ ಆಚೆಯೇ ನಿಂತು, ಬಾಗಿಲ ಚೌಕಟ್ಟನ್ನು ನೋಡುತ್ತ ಮಾತಾಡಿದರು. “ಹೋದ ವರ್ಷ ಅವರು ಹತ್ತಲಿಲ್ಲ. ಇನ್ನು ಉಳಿದಿರೋದು ಒಂದೇ ಸಲ. ಅಷ್ಟು ವರ್ಷ ಸಂಸಾರ ಮಾಡಿದೋಳು ನಾನು, ನನಗೆ ಗೊತ್ತಾಗ್ತಿಲ್ಲ. ಅವರಿಗೆ ಯಾವ ಗಾಡಿ ಇಷ್ಟ ಇತ್ತು? ನಿಮಗೇನಾದ್ರೂ ಗೊತ್ತಿದ್ರೆ ಹೇಳಿ.”

“ನನ್ನ ಹತ್ರ ಗಾಡಿ ವಿಷಯ ಯಾವತ್ತೂ ಮಾತಾಡಿಲ್ಲ.”

“ಸ್ವಲ್ಪ ಯೋಚನೆ ಮಾಡಿ ನೋಡಿ.”

ಅಮ್ಮ ಜೋರು ಮಾತಿನವಳಲ್ಲ. ಅವತ್ತೂ ಅವಳ ದನಿ ಏರಲಿಲ್ಲ. “ಯೋಚನೆ ಮಾಡೋಕೆ ನನ್ನ ಹತ್ರ ಏನಿದೆ ಅಮ್ಮಾವ್ರೇ? ನಿಮ್ಮನೇಲಿ ನೆರಳಾದ್ರೂ ಇದೆ, ಎದ್ದಾಗ ಕೂತಾಗ ನೋಡ್ತೀರಿ. ನಾನು ಕೊನೇ ಸಲ ನೋಡಿದ್ದು ರಸ್ತೆ ಈಚೆ ನಿಂತ್ಕೊಂಡು, ನಾಲ್ಕು ಜನ ಹೊತ್ಕೊಂಡು ಹೋಗ್ತಿದ್ದಾಗ. ಅಳೋಕೂ ಅಲ್ಲಿ ಜಾಗ ಇರಲಿಲ್ಲ. ಈಗ ಅವರನ್ನ ಕಳಿಸೋಕೆ ನಾನ್ಯಾಕೆ ದಾರಿ ತೋರಿಸ್ಲಿ?”

ದಾಕ್ಷಾಯಣಮ್ಮ ಸಿಟ್ಟಾಗಿ ಹೋಗಿಬಿಡುತ್ತಾರೆ ಅಂದುಕೊಂಡೆ. ಅವರು ಚಪ್ಪಲಿ ಮೆಟ್ಟಿಕೊಂಡು, “ಹಾಗಾದ್ರೆ ಬಂದು ನೋಡಿ,” ಅಂದರು. “ನೋಡಿದ ಮೇಲೆ ಹೇಳೋದಿದ್ರೆ ಹೇಳಿ. ಇಲ್ದಿದ್ರೆ ಇಲ್ಲ.”

ಅಮ್ಮ ಕೆಲವು ದಿನ ಹೋಗಲಿಲ್ಲ. ರವಿಕೆ ಹೊಲಿದು ಮುಗಿಸಿದಳು. ಯಂತ್ರಕ್ಕೆ ಎಣ್ಣೆ ಬಿಟ್ಟಳು. ಡಬ್ಬಿಯ ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿದಳು.

“ಯಾಕಮ್ಮ, ಕರೆದರಲ್ಲ,” ಅಂದೆ.

“ಹೋದ್ರೆ ಮುಗಿದುಹೋಗುತ್ತೆ ಕಣೆ,” ಅಂದಳು. “ಈಗ ಅಲ್ಲೆಲ್ಲೋ ಇದಾರೆ ಅಂತಾದ್ರೂ ಇದೆ.”

ಕಡೆಗೆ ಒಂದು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟು, ನಡಿ ಎಂದಳು. ವಕೀಲರ ಮನೆ ತಲುಪಿದಾಗ ಅವಳ ಕಾಲು ತಾನಾಗಿ ಹಿತ್ತಲ ಕಡೆಯ ಓಣಿಗೆ ತಿರುಗಿತು. ಕಿಟಕಿಯಲ್ಲಿ ನಿಂತಿದ್ದ ದಾಕ್ಷಾಯಣಮ್ಮ, “ಮುಂದಿನಿಂದ ಬನ್ನಿ,” ಎಂದರು.

ನೆರಳು ಆಫೀಸು ಕೋಣೆಯಲ್ಲಿತ್ತು, ಕಾನೂನು ಪುಸ್ತಕಗಳ ಎರಡು ಬೀರುಗಳ ನಡುವಿನ ಗೋಡೆಯ ಮೇಲೆ. ಕಕ್ಷಿಗಾರರು ಕೂರುತ್ತಿದ್ದ ಬೆಂಚನ್ನು ಅದಕ್ಕೆ ಅಡ್ಡ ಬರದಂತೆ ಸರಿಸಿದ್ದರು. ಎದುರಿಗೆ ಒಂದು ದೀಪ, ಒಂದು ಲೋಟ ನೀರು. ಬೇರೆಯವರ ಮನೆಗಳಲ್ಲಿ ನಾನು ಎಷ್ಟೋ ನೆರಳುಗಳನ್ನು ನೋಡಿದ್ದೇನೆ. ಕೆಲವು ನಿಂತಿರುತ್ತವೆ, ಕೆಲವು ಮಲಗಿರುತ್ತವೆ. ಇದು ಕೂತಿತ್ತು. ತಲೆ ತಗ್ಗಿಸಿ, ಮೊಣಕಾಲುಗಳನ್ನು ಒತ್ತಿ ಸೇರಿಸಿಕೊಂಡು, ಒಂದು ಕೈಯಲ್ಲಿ ಪಕ್ಕದ ಏನನ್ನೋ ಬಿಗಿಯಾಗಿ ಹಿಡಿದುಕೊಂಡು. ಕೋರ್ಟಿನಲ್ಲಿ ಎದೆಯೆತ್ತಿ ನಿಲ್ಲುತ್ತಿದ್ದ ಮನುಷ್ಯ ಹಾಗೆ ಮುದುಡಿದ್ದರು.

“ಹೋಗೋವಾಗ ತುಂಬ ನೋವಿತ್ತು ಅವರಿಗೆ. ಅದಕ್ಕೇ ಹಾಗೆ ಕೂತಿದಾರೆ ಅನ್ಸುತ್ತೆ,” ಎಂದರು ದಾಕ್ಷಾಯಣಮ್ಮ.

ಅಮ್ಮ ನೆಲದ ಮೇಲೆ ಕೂತು ನೋಡುತ್ತಲೇ ಇದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮೂಗು ಸೀಟಿಕೊಂಡು ಹೇಳಿದಳು, “ನೋವಲ್ಲ ಅಮ್ಮಾವ್ರೇ. ಆಟೋದಲ್ಲಿ ಕೂತಿದಾರೆ.”

“ಆಟೋನಾ? ಅವರು ಜನ್ಮದಲ್ಲಿ ಆಟೋ ಹತ್ತಿದೋರಲ್ಲ.”

ದಾಕ್ಷಾಯಣಮ್ಮ ಒಮ್ಮೆ ಅಮ್ಮನನ್ನು, ಒಮ್ಮೆ ಗೋಡೆಯನ್ನು ನೋಡಿದರು. ನಿಧಾನವಾಗಿ ಹೋಗಿ ಬೆಂಚಿನ ಮೇಲೆ ಕೂತರು.

“ಹೇಳಿ,” ಅಂದರು.

ಅಮ್ಮ ಹೇಳಿದಳು. ಕೋರ್ಟು ಬೇಗ ಮುಗಿದ ದಿನ ವಕೀಲರು ಕಾರನ್ನು ಕೋರ್ಟಿನ ಹಿಂದಿನ ಹುಣಸೆಮರದ ಕೆಳಗೆ ಬಿಟ್ಟು, ಖಾದರನ ಆಟೋ ಹತ್ತುತ್ತಿದ್ದರು. ಮಳೆಯಿರಲಿ ಬಿಸಿಲಿರಲಿ, ಎರಡೂ ಕಡೆಯ ಪರದೆ ಇಳಿಬಿಟ್ಟಿರಬೇಕು. ಎತ್ತರದ ಆಳು, ಮೇಲಿನ ಹೊದಿಕೆಗೆ ತಲೆ ತಾಗದಿರಲೆಂದು ಬಗ್ಗಿ ಕೂರುತ್ತಿದ್ದರು. ತಿರುವುಗಳಲ್ಲಿ ಬೀಳದಿರಲು ಸರಳನ್ನು ಹಿಡಿದುಕೊಳ್ಳುತ್ತಿದ್ದರು. ನಮ್ಮ ಮನೆಗೆ ಬಂದು ಇಳಿದ ಮೇಲೂ ಸ್ವಲ್ಪ ಹೊತ್ತು ಅವರ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಕೊಡುತ್ತಿದ್ದಳು.

“ಎಷ್ಟು ವರ್ಷ?”

“ಇವಳ ವಯಸ್ಸಿಗಿಂತ ಒಂದು ಜಾಸ್ತಿ.”

ದಾಕ್ಷಾಯಣಮ್ಮ ನನ್ನ ಕಡೆ ನೋಡಿದರು. ನನ್ನ ಹಣೆ ಅಪ್ಪಾಜಿಯದು ಎಂದು ಅಮ್ಮ ಹೇಳುತ್ತಿರುತ್ತಾಳೆ. ಅವರು ನನ್ನ ಹಣೆಯನ್ನೇ ನೋಡಿದರು ಅನ್ನಿಸಿತು.

“ಆಟೋ ಬಿಟ್ರೆ ಊರಿಗೆಲ್ಲ ಅರ್ಥ ಆಗುತ್ತೆ,” ಎಂದರು. “ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ರು. ಇನ್ನು ನಾನೇ ಡಂಗುರ ಹೊಡೆಸಿದ ಹಾಗೆ.”

“ಬೇರೆ ಯಾವುದಾದ್ರೂ ನೋಡಿ ಅಮ್ಮಾವ್ರೇ. ನನಗೆ ತೋಚಿದ್ದು ಹೇಳ್ದೆ,” ಎಂದು ಅಮ್ಮ ಎದ್ದಳು. ಬಾಗಿಲ ಬಳಿ ಹೋದವಳು ತಿರುಗಿ ಒಮ್ಮೆ ಗೋಡೆಗೆ ಕೈಮುಗಿದಳು.

ಆ ವಾರವೆಲ್ಲ ನಾನು ಅಂಗಡಿಯಲ್ಲಿ ಬೇರೆಯವರ ಮೈಗಳಿಗೆ ಬಣ್ಣ ಹಚ್ಚುತ್ತ ಕೂತೆ. ಒಬ್ಬ ಅಜ್ಜಿಗೆ ಕೆಂಪು ಬಸ್ಸು. ಅವಳು ಬದುಕಿನಲ್ಲಿ ಒಂದೇ ಸಲ ಬಸ್ಸು ಹತ್ತಿ ಕಡಲು ನೋಡಲು ಹೋಗಿದ್ದಳಂತೆ, ಮೊಮ್ಮಕ್ಕಳೆಲ್ಲ ಒಂದೇ ಮಾತಿನಲ್ಲಿ ಅದನ್ನು ಆರಿಸಿದ್ದರು. ಅಂಥ ಮನೆಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇಳುಕಲಿಗೆ ಇನ್ನು ಕೆಲವೇ ದಿನವಿರುವಾಗ ದಾಕ್ಷಾಯಣಮ್ಮ ಪುರಸಭೆಯ ಹಲಗೆಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು. ಕಾಳಾಚಾರಿ ಉಳಿ ಕೆಳಗಿಟ್ಟು, ಓಡಿಹೋಗಿ ಅಟ್ಟಣೆಯ ಮೇಲಿನಿಂದ ಉದ್ದ ಮೂತಿಯ ವಿಲಾಯತಿ ಕಾರೊಂದನ್ನು ಇಳಿಸಿದ.

“ತಾಯಿ, ಈ ಸಲ ಇದು ನೋಡಿ. ಮೂತಿ ತೆಳ್ಳಗಿದೆ, ಗಾಳಿ ತಡಿಯೋದಿಲ್ಲ. ಬಾಲದ ಕಡೆ ಸೀಸ ಇಟ್ಕೊಡ್ತೀನಿ. ವಕೀಲರು ಎಲ್ಲರಿಗಿಂತ ಮುಂದೆ ಹೋಗ್ತಾರೆ.”

“ಆಟೋ ಮಾಡು,” ಎಂದರು ಅವರು.

ಕಾಳಾಚಾರಿ ನನ್ನ ಕಡೆ ನೋಡಿದ. ನಾನು ಕುಂಚ ತೊಳೆಯುತ್ತಿದ್ದೆ. “ಆಟೋಗೆ ಮೂರು ಗಾಲಿ ತಾಯಿ. ಹಲಗೆಗೆ ನಾಲ್ಕು. ಒಂದು ಕಿತ್ತರೆ ಪುರಸಭೆಯೋರು ಬಿಡೋದಿಲ್ಲ. ಇದುವರೆಗೆ ಯಾರೂ ಆಟೋ ಮಾಡಿಸಿಲ್ಲ.”

“ಏನಾದ್ರೂ ಮಾಡು. ಪರದೆ ಇರಲಿ, ಎರಡೂ ಕಡೆ. ಇಳಿಬಿಟ್ಟೇ ಇರಲಿ.” ನನ್ನ ಕಡೆ ಬಾಗಿ, ನನಗೆ ಮಾತ್ರ ಕೇಳುವಂತೆ ಹೇಳಿದರು, “ಹೇಗೆ ಹೋಗ್ತಿದ್ರೋ ಹಾಗೇ ಹೋಗ್ಲಿ.”

ಕಾಳಾಚಾರಿ ಗೊಣಗುತ್ತಲೇ ಮಾಡಿದ. ಮುಂದಿನ ಎರಡು ಗಾಲಿಗಳನ್ನು ಒತ್ತೊತ್ತಾಗಿ ಮೂತಿಯ ಕೆಳಗೆ ಸೇರಿಸಿ ಒಂದೇ ಎಂಬಂತೆ ಕೂರಿಸಿದ. ಒಲೆದಾಡುತ್ತದೆ, ಮಗುಚಿದರೆ ನನ್ನನ್ನು ಕೇಳಬೇಡಿ ಎಂದ. ನಾನು ಕೆಳಗೆ ಕಪ್ಪು, ಮೇಲೆ ಹಳದಿ ಹಚ್ಚಿದೆ. ಖಾದರನ ಆಟೋದ ಹಿಂದೆ ಒಂದು ಗಿಳಿಯ ಚಿತ್ರ ಇತ್ತು, ಅದನ್ನೂ ಬರೆದೆ. ಪರದೆಯನ್ನು ಅಮ್ಮ ಹೊಲಿದಳು. ಕಪ್ಪು ರೆಕ್ಸಿನ್ನಿನ ಎರಡು ಚೂರು, ಬೆರಳಗಲದವು. ಅಂಚು ಮಡಿಸಿ, ಸಣ್ಣ ಹೊಲಿಗೆ ಹಾಕಿ, ನನ್ನ ಕೈಗೆ ಕೊಟ್ಟಳು.

ಇಳುಕಲಿನ ದಿನ ಬೆಳಗ್ಗೆ ನಮ್ಮಿಬ್ಬರನ್ನೂ ಬರಹೇಳಿದ್ದರು. ಆಫೀಸು ಕೋಣೆಯನ್ನು ಸಾರಿಸಿ ರಂಗೋಲಿ ಇಟ್ಟಿದ್ದರು. ದಾಕ್ಷಾಯಣಮ್ಮ ಆಟೋವನ್ನು ಗೋಡೆಯ ಬುಡದಲ್ಲಿ, ನೆರಳಿನ ಪಾದದ ಬಳಿ ಇಟ್ಟು ಹಿಂದೆ ಸರಿದರು. ಹತ್ತುವ ನೆರಳು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಗೋಡೆಯಿಂದ ನೀರಿನಂತೆ ಕೆಳಗಿಳಿದು ಗಾಡಿಯೊಳಕ್ಕೆ ಹೋಗುತ್ತದೆ, ಭಾರಕ್ಕೆ ಗಾಡಿ ಒಂದಿಷ್ಟು ತಗ್ಗುತ್ತದೆ.

ನೆರಳು ಅಲುಗಲಿಲ್ಲ.

ನಾವು ಕಾದೆವು. ಗುಡ್ಡದ ಕಡೆಯಿಂದ ತಮಟೆ ಕೇಳತೊಡಗಿತು. ಬೀದಿಯಲ್ಲಿ ಜನ ತಮ್ಮ ತಮ್ಮ ಗಾಡಿಗಳನ್ನು ಎದೆಗವಚಿಕೊಂಡು ಹೋಗುತ್ತಿದ್ದರು. ಅಮ್ಮ ಮುಂದೆ ಬಾಗಿ ಗೋಡೆಗೆ ಹೇಳಿದಳು, “ಹತ್ತಿ. ಹೊತ್ತಾಗ್ತಿದೆ. ನಾನೇ ಹೇಳ್ತಿದೀನಿ, ಹತ್ತಿ.” ನೆರಳಿನ ಕೈ ಆ ಕಾಣದ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದಂತೆ ಕಂಡಿತು. ಅಮ್ಮ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. “ನಾನು ತಪ್ಪು ಹೇಳಿಬಿಟ್ನೇನೋ,” ಅಂದಳು. ಆ ಮನೆಯ ಗೋಡೆಯ ಮೇಲೆ ಇನ್ನು ಎಂದೆಂದಿಗೂ ಇರುವ ಕಲೆಯನ್ನು ನಾನು ಆಗಲೇ ನೋಡುತ್ತಿದ್ದೆ. ತಗ್ಗಿದ ತಲೆ, ಮುದುಡಿದ ಮೊಣಕಾಲು, ಅದರ ಎದುರಿಗೆ ಒಬ್ಬಳೇ ಹೆಂಗಸು.

ದಾಕ್ಷಾಯಣಮ್ಮ ಎದ್ದು ಒಳಗೆ ಹೋದರು. ಅಳಲು ಹೋದರು ಎಂದುಕೊಂಡೆ. ಕತ್ತರಿ ಹಿಡಿದು ಬಂದರು. ಗೋಡೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಆಟೋವನ್ನು ಕೈಗೆತ್ತಿಕೊಂಡರು. ಎಡಗಡೆಯ ಪರದೆಯನ್ನು ಕತ್ತರಿಸಿದರು. ಬಲಗಡೆಯದನ್ನೂ ಕತ್ತರಿಸಿ, ಆಟೋವನ್ನು ಮತ್ತೆ ಗೋಡೆಯ ಬುಡದಲ್ಲಿ ಇಟ್ಟರು. ಎರಡು ಕಪ್ಪು ಚೂರುಗಳು ರಂಗೋಲಿಯ ಮೇಲೆ ಬಿದ್ದವು.

“ಎಷ್ಟು ವರ್ಷ ಹೀಗೆ ಬಚ್ಚಿಟ್ಕೊಂಡು ಓಡಾಡಿದ್ರಿ,” ಎಂದರು ಗೋಡೆಗೆ. ದನಿಯಲ್ಲಿ ಸಿಟ್ಟೂ ಇತ್ತು, ಬೇರೆ ಏನೋ ಇತ್ತು. “ಸಾಕು. ನಾನು ನೋಡಿದೀನಿ. ಇವಳೂ ಇಲ್ಲೇ ಇದಾಳೆ, ನಿಮ್ಮ ಮಗಳೂ ಇದಾಳೆ. ಎಲ್ಲರೂ ನೋಡ್ಲಿ. ಏಳಿ.”

ನೆರಳು ತಲೆ ಎತ್ತಿತು. ಅದರ ಬೆನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗಾಯಿತು, ಕೈ ಸಡಿಲವಾಗಿ ತೊಡೆಯ ಮೇಲೆ ಬಂತು. ಒಂದು ಗಳಿಗೆ ಅದು ಎದ್ದು, ಕೋರ್ಟಿನ ಮೆಟ್ಟಿಲಿನ ಮೇಲೆ ನಿಲ್ಲುತ್ತಿದ್ದ ಶಂಭುಲಿಂಗಯ್ಯನವರ ಹಾಗೆಯೇ ನಿಂತಿತ್ತು. ಆಮೇಲೆ ಗೋಡೆ ಬರಿದಾಯಿತು. ಆಟೋದ ಗಾಲಿಗಳು ಕಿರ್ ಎಂದವು. ಬೆಳ್ಳಗಿನ ಗೋಡೆಯನ್ನು ನೋಡಿ ಅಮ್ಮ ಬಿಕ್ಕಿದಳು. ದಾಕ್ಷಾಯಣಮ್ಮ ಎರಡೂ ಕೈಯಲ್ಲಿ ಗಾಡಿ ಎತ್ತಿದರು. ಭಾರಕ್ಕೆ ಅವರ ತೋಳು ಜಗ್ಗಿತು, ನಾನು ಕೆಳಗಿನಿಂದ ಕೈ ಕೊಟ್ಟೆ. ಹಾಗೆಯೇ ಇಬ್ಬರೂ ಹಿಡಿದುಕೊಂಡು ಗುಡ್ಡ ಹತ್ತಿದೆವು. ಅಮ್ಮ ಹಿಂದೆ ಬಂದಳು.

ನೆತ್ತಿಯ ಮೇಲೆ ಜನ ನಮ್ಮ ಕಡೆ ತಿರುಗಿದರು. ಬಸ್ಸು, ಜೀಪು, ಲಾರಿಗಳ ಸಾಲಿನಲ್ಲಿ ಹಳದಿ ಆಟೋವನ್ನು ಇಟ್ಟಾಗ ಯಾರೋ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ದಾಕ್ಷಾಯಣಮ್ಮ ಅವಳನ್ನು ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು. ಪುರಸಭೆಯವನು ಬಗ್ಗಿ ಗಾಲಿಗಳನ್ನು ಎಣಿಸಿ, ನಾಲ್ಕೂ ಇವೆ ಎಂದು ತಲೆಯಾಡಿಸಿದ. ತಮಟೆ ನಿಂತಿತು, ಗಾಡಿಗಳನ್ನು ತಡೆದಿದ್ದ ಅಡ್ಡಹಲಗೆಯನ್ನು ಎತ್ತಿದರು.

ಅಜ್ಜಿಯ ಕೆಂಪು ಬಸ್ಸು ಎಲ್ಲಕ್ಕಿಂತ ಮುಂದೆ ಓಡಿತು. ನಮ್ಮದು ಮೊದಲಿನಿಂದಲೇ ಒಲೆದಾಡುತ್ತ ಹೊರಟಿತು. ಪೇಟೆಬೀದಿ ಕೂಡುವ ಕಡೆ, ಹೋದ ವರ್ಷ ಕಾರು ನಿಂತ ಜಾಗದಲ್ಲಿ, ಒಂದು ಪಕ್ಕಕ್ಕೆ ವಾಲಿ ಇನ್ನೇನು ಮಗುಚುವಂತಾಯಿತು. ಅಮ್ಮ ನನ್ನ ಕೈ ಹಿಡಿದಿದ್ದಳು. ಅವಳ ಇನ್ನೊಂದು ಕೈ ದಾಕ್ಷಾಯಣಮ್ಮನವರ ತೋಳಿನ ಮೇಲಿದ್ದುದನ್ನು ನಾನು ಆಗ ನೋಡಿದೆ, ಅವರಿಬ್ಬರೂ ನೋಡಿರಲಿಲ್ಲ. ಆಟೋ ವಾಲಿಕೊಂಡೇ ಆ ಜಾಗ ದಾಟಿ, ನೆಟ್ಟಗಾಗಿ, ಎಲ್ಲರಿಗಿಂತ ಹಿಂದೆ, ಯಾವ ಅವಸರವೂ ಇಲ್ಲದವರಂತೆ ಕೆರೆಯಂಗಳದ ಗೆರೆಯನ್ನು ದಾಟಿತು.

ನಾವು ಕೆಳಗಿಳಿದು ಬರುವ ಹೊತ್ತಿಗೆ ಬೇರೆ ಮನೆಯವರು ತಮ್ಮ ಗಾಡಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಗೆರೆ ದಾಟಿದ ಖಾಲಿ ಗಾಡಿ ಸತ್ತವರ ಮಕ್ಕಳಿಗೆ ಸೇರುತ್ತದೆ. ಮಕ್ಕಳಿಲ್ಲದವರದನ್ನು ಪುರಸಭೆಯವರು ಕುಕ್ಕೆಗೆ ತುಂಬಿಕೊಂಡು ಹೋಗಿ ಸುಡುತ್ತಾರೆ. ಕುಕ್ಕೆಯವನಿಗೆ ವಕೀಲರ ಮನೆ ಗೊತ್ತಿತ್ತು. ಅವನು ಯಾರನ್ನೂ ಕೇಳದೆ ಆಟೋದ ಕಡೆಗೆ ಬಗ್ಗಿದ.

“ಅದನ್ನ ಮುಟ್ಟಬೇಡ,” ಎಂದರು ದಾಕ್ಷಾಯಣಮ್ಮ. “ಮಗಳಿದಾಳೆ.”

ಅವನು ಅರ್ಧ ಬಗ್ಗಿದವನು ಹಾಗೆಯೇ ತಲೆಯೆತ್ತಿದ. ಕೆರೆಯಂಗಳದಲ್ಲಿ ಅರ್ಧ ಊರು ನಿಂತಿತ್ತು. “ಯಾರ ಮಗಳು ತಾಯಿ?” ಎಂದ. ತುಂಟತನದಿಂದ ಕೇಳಿದ್ದಲ್ಲ, ಪಾಪ, ಕೇಳುವುದು ಅವನ ಕೆಲಸ.

“ವಕೀಲ ಶಂಭುಲಿಂಗಯ್ಯನವರ ಮಗಳು,” ಎಂದರು ಅವರು, ಇಡೀ ಅಂಗಳಕ್ಕೆ ಕೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, “ಹೋಗಮ್ಮ, ತಗೋ,” ಎಂದರು.

ಅವನು ಕುಕ್ಕೆಯನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟ. ನನ್ನ ಮುಂದೆ ನಿಂತಿದ್ದವರೂ ಸರಿದರು. ನಾನು ನಡೆದುಹೋಗಿ, ಎಲ್ಲರೂ ನೋಡುತ್ತಿರುವಾಗ, ಅಪ್ಪಾಜಿಯ ಗಾಡಿಯನ್ನು ಎತ್ತಿಕೊಂಡೆ.